ಪೊಸಡಿಗುಂಪೆಯಿಂದ ಕಂಡ ಮನೆ

ವಯಸ್ಸಾದ ಮೇಲೆ ತಪ್ಪೊಪ್ಪಿಕೊಳ್ಳುವುದು ಬಹಳ ಸುಲಭ. ಬಯ್ಯಬೇಕಾದವರು ಮೊದಲೇ ಹೋಗಿಬಿಟ್ಟಿರುತ್ತಾರೆ, ಉಳಿದವರಿಗೆ ಕೇಳುವ ಪುರುಸೊತ್ತು ಇರುವುದಿಲ್ಲ. ಹಾಗಾಗಿ ನಾನು ಈಗ ಧೈರ್ಯವಾಗಿ ಬರೆಯಲು ಕುಳಿತಿದ್ದೇನೆ. ನನ್ನ ತಪ್ಪು ಪತ್ರಿಕೆಯಲ್ಲಿ ಬರುವಂಥದ್ದೇನೂ ಅಲ್ಲ. ಹೈಸ್ಕೂಲು ಮುಗಿಸಿ ಗುಮಾಸ್ತನಾದವನಿಗೆ ಅಂಥ ದೊಡ್ಡ ತಪ್ಪು ಮಾಡಲು ರಜೆಯೂ ಸಿಗುವುದಿಲ್ಲ. ನಾನು ಮಾಡಿದ್ದು ಇಷ್ಟೇ: ಒಂದು ಗುಡ್ಡದ ತುದಿಯಲ್ಲಿ ನಿಂತು ಬಲಗೈಯ ತೋರುಬೆರಳನ್ನು ಒಂದು ದಿಕ್ಕಿಗೆ ಚಾಚಿದೆ. ಅದನ್ನು ಇಳಿಸಲು ಇಷ್ಟು ವರ್ಷ ಬೇಕಾಯಿತು.

ಆಗ ನಮ್ಮ ಕಾಸರಗೋಡು ಇನ್ನೂ ಕೇರಳಕ್ಕೆ ಸೇರಿರಲಿಲ್ಲ. ನಾನು ಮಂಗಳೂರಿನ ಒಂದು ಹಂಚಿನ ಕಾರ್ಖಾನೆಯ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಮಧ್ಯಾಹ್ನ ಮತ್ತು ರಾತ್ರಿಯ ಊಟ ಮುತ್ತಕ್ಕನ ಮನೆಯಲ್ಲಿ. ಮುತ್ತಕ್ಕ ನಮ್ಮ ಕಡೆಯವರೇ, ಬಾಯಾರಿನ ಹತ್ತಿರದ ಒಂದು ದೊಡ್ಡ ಬೇಸಾಯದ ಮನೆಯ ಮಗಳು. ಮದುವೆಯಾಗಿ ಮಂಗಳೂರಿಗೆ ಬಂದು, ಗಂಡ ತೀರಿಹೋದ ಮೇಲೆ ನಮ್ಮಂಥ ಹತ್ತು ಹನ್ನೆರಡು ಗುಮಾಸ್ತರಿಗೆ ಅನ್ನ ಹಾಕಿ ಬದುಕುತ್ತಿದ್ದರು. ಮಿತಭಾಷಿ. ಬಡಿಸುವಾಗ ಎಲೆಯನ್ನು ನೋಡುತ್ತಿದ್ದರೇ ಹೊರತು ಮುಖವನ್ನಲ್ಲ. ಆದರೆ ಯಾರಿಗೆ ಊರಿನಿಂದ ಕೆಟ್ಟ ಸುದ್ದಿಯ ಕಾಗದ ಬಂದಿದೆ, ಯಾರಿಗೆ ಮೇಲಿನವರಿಂದ ಬೈಗುಳ ಸಿಕ್ಕಿದೆ ಎಂಬುದೆಲ್ಲ ಎಲೆಯಲ್ಲಿ ಉಳಿದ ಅನ್ನದಿಂದಲೇ ಅವರಿಗೆ ತಿಳಿಯುತ್ತಿತ್ತು.

ನಮ್ಮ ಹೆಡ್‌ಕ್ಲಾರ್ಕ್ ಸದಾಶಿವರಾಯರಿಗೆ ಪ್ರಕೃತಿಯ ಹುಚ್ಚು. ಅವರ ಪ್ರಕೃತಿ ಎಂದರೆ ಕೈಯಲ್ಲಿ ಒಂದು ನೋಟುಪುಸ್ತಕ, ಕಿವಿಯ ಮೇಲೊಂದು ಪೆನ್ಸಿಲು. ಆ ಡಿಸೆಂಬರಿನಲ್ಲಿ ರಜೆಯ ಒಂದು ದಿನ ಆಫೀಸಿನವರೂ ಅವರ ನೆಂಟರಿಷ್ಟರೂ ಸೇರಿ ಪೊಸಡಿಗುಂಪೆಗೆ ಹೋಗಿ ಬರುವುದೆಂದು ಅವರು ಊಟದ ಪಂಕ್ತಿಯಲ್ಲೇ ತೀರ್ಮಾನಿಸಿದರು. ಗುಂಪೆಯ ಹೆಸರನ್ನು ಆ ಸೀಮೆಯಲ್ಲಿ ಕೇಳದವರಿಲ್ಲ. ಅದರ ತುದಿಯಲ್ಲಿ ನಿಂತರೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕುದುರೆಮುಖ, ನಡುವೆ ಇಡೀ ಜಿಲ್ಲೆ ಕಾಣುತ್ತದೆ ಎಂದು ಪ್ರತೀತಿ. ರಾಯರು ನನ್ನ ಕಡೆ ತಿರುಗಿ, ಅದು ನಿನ್ನ ಊರಿನ ಗುಡ್ಡವಲ್ಲವಾ, ಹತ್ತಿದ್ದೀಯಾ ಎಂದು ಕೇಳಿದರು. ಪಂಕ್ತಿಯ ಹನ್ನೆರಡು ಜನರೂ ಉಣ್ಣುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಆಫೀಸಿಗೆ ಸೇರಿ ಎರಡು ವರ್ಷವಾಗಿದ್ದರೂ ಅಷ್ಟು ಜನ ಒಟ್ಟಿಗೆ ನನ್ನನ್ನು ನೋಡಿದ್ದು ಅದೇ ಮೊದಲು.

"ಅದೆಂತ ಕೇಳುವುದು ರಾಯರೇ," ಎಂದೆ. "ನಮಗೆ ಅದು ಅಂಗಳದ ಹಾಗೆ."

ನಿಜ ಸಂಗತಿ ಏನೆಂದರೆ ನಾನು ಗುಂಪೆಯನ್ನು ಹತ್ತಿರಲೇ ಇಲ್ಲ. ಗುಡ್ಡದ ಬುಡದಲ್ಲಿ ಹುಟ್ಟಿದವರು ಯಾರೂ ಗುಡ್ಡ ಹತ್ತುವುದಿಲ್ಲ ಎಂಬುದು ಪೇಟೆಯವರಿಗೆ ಅರ್ಥವಾಗದ ವಿಷಯ. ಮನೆಯ ಮಾಡಿಗೆ ಹೊದಿಸಲು ಮುಳಿಹುಲ್ಲು ಬೇಕಾದವರು ಅರ್ಧದವರೆಗೆ ಹೋಗುತ್ತಾರೆ, ದನ ತಪ್ಪಿಸಿಕೊಂಡವರು ಇನ್ನೂ ಸ್ವಲ್ಪ ಮೇಲೆ ಹೋಗುತ್ತಾರೆ. ನಮ್ಮ ಮನೆಗೆ ಹಂಚು ಬೇಗ ಬಂತು, ನಮ್ಮ ದನಗಳು ಸಾಧು. ಚಿಕ್ಕವನಿದ್ದಾಗ ಒಮ್ಮೆ ಹತ್ತುತ್ತೇನೆಂದು ಹೊರಟಾಗ ಅಮ್ಮ ತಡೆದು, ಮೇಲೆ ಹೋದರೆ ಕಾಣುವುದು ಕೆಳಗೆ ಇರುವುದೇ ಅಲ್ಲವಾ, ಅದನ್ನು ಇಲ್ಲಿಂದಲೇ ನೋಡು ಎಂದಿದ್ದಳು.

ಹೀಗೆ ನಾನು ಗೈಡ್ ಆದೆ. ಅವತ್ತು ರಾತ್ರಿ ಕೈತೊಳೆಯಲು ಹಿತ್ತಿಲಿಗೆ ಹೋದಾಗ ಮುತ್ತಕ್ಕ ಚೆಂಬು ಹಿಡಿದು ನಿಂತಿದ್ದರು. ತಾನೂ ಬರಬಹುದೇ ಎಂದು ಕೇಳಿದರು. ಮೊಣಕಾಲು ನೋವಿನ ಹೆಂಗಸಿಗೆ ಗುಡ್ಡವೇಕೆ ಎಂದು ನನಗೆ ಆಶ್ಚರ್ಯ. ಆಗ ಹೇಳಿದರು. ಹನ್ನೆರಡು ವರ್ಷದ ಹಿಂದೆ ಅವರ ತಾಯಿ ತೀರಿಕೊಂಡಾಗ, ಹದಿಮೂರನೆಯ ದಿನದ ಬೊಜ್ಜಕ್ಕೆ ಇವರು ಹೊರಟ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಓಡಿ ಓಡಿ ಮನೆ ಮುಟ್ಟುವಾಗ ಅಣ್ಣ ತಿಮ್ಮಪ್ಪಣ್ಣ ಕ್ರಿಯೆ ಮುಗಿಸಿ, ಜನ ಉಂಡು, ಎಲೆಗಳನ್ನೂ ತೆಗೆದಾಗಿತ್ತು. ಇದ್ದ ಒಬ್ಬಳು ಮಗಳಿಗೆ ಒಂದು ಗಳಿಗೆ ಕಾಯಲಿಕ್ಕೆ ಆಗಲಿಲ್ಲವಾ ಎಂದು ಇವರು ಕೇಳಿದ್ದಕ್ಕೆ, ಕಾಗೆ ಕಾಯುವುದಿಲ್ಲ ಎಂದರಂತೆ ಅಣ್ಣ. ಇವರು ನೇರವಾಗಿ ಮನೆಯ ದೈವದ ಕೋಣೆಯ ಮುಂದೆ ಹೋಗಿ ನಿಂತು, ಇನ್ನು ಈ ಅಂಗಳ ತುಳಿಯುವುದಿಲ್ಲ ಎಂದು ಹೇಳಿ, ನೀರೂ ಕುಡಿಯದೆ ಹಿಂದೆ ಬಂದರು. ಮನುಷ್ಯರ ಮುಂದೆ ಆಡಿದ ಮಾತನ್ನು ನಾಳೆ ನುಂಗಬಹುದು. ದೈವದ ಮುಂದೆ ಆಡಿದ್ದನ್ನು ನುಂಗುವ ಗಂಟಲು ನಮ್ಮ ಸೀಮೆಯಲ್ಲಿ ಯಾರಿಗೂ ಇಲ್ಲ.

"ತುಳಿಯುವುದಿಲ್ಲ ಅಂತ ಹೇಳಿದ್ದು," ಎಂದರು ಮುತ್ತಕ್ಕ. "ನೋಡುವುದಿಲ್ಲ ಅಂತ ಹೇಳಲಿಲ್ಲ. ನಮ್ಮ ಅಂಗಳದಿಂದ ಗುಂಪೆಯ ತಲೆ ಕಾಣುತ್ತಿತ್ತು ಮಗಾ. ಹಾಗಾದರೆ ಅಲ್ಲಿಂದ ನಮ್ಮ ಮನೆ ಕಾಣಬೇಕಲ್ಲ?"

ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಬಿಟ್ಟೆ, ಆದರೆ ಅದರಿಂದ ಬಂದದ್ದು ಬೇರೆ ಮಾತು. "ಕಾಣದೆ ಎಂತ ಅಕ್ಕ, ಅಂಗಳದಲ್ಲಿ ಎಷ್ಟು ಕೋಳಿ ಉಂಟು ಅಂತ ಎಣಿಸಬಹುದು," ಎಂದೆ.

ಗುಂಪೆಗೆ ಹೊರಟ ದಿನದ ಬೆಳಗ್ಗೆಯನ್ನು ನೆನೆದರೆ ಈಗಲೂ ನನಗೆ ಅದು ನಡೆದದ್ದೋ ಕನಸಿನಲ್ಲಿ ಕಂಡದ್ದೋ ಎಂಬ ಅನುಮಾನ. ಮೊದಲ ರೈಲಿನಲ್ಲಿ ನಾವು ಇಪ್ಪತ್ತೆರಡು ಜನ ಹೊರಟೆವು. ನೇತ್ರಾವತಿಯ ಸೇತುವೆಯ ಮೇಲೆ ಹೋಗುವಾಗ ಕೆಳಗೆ ನೀರಿರಲಿಲ್ಲ, ಬರೇ ಮಂಜು. ಅದರಲ್ಲಿ ಒಂದು ದೋಣಿ ಅರ್ಧ ಮಾತ್ರ ಕಾಣುತ್ತಿತ್ತು, ಅದರ ಅಂಬಿಗ ಸೊಂಟದಿಂದ ಮೇಲೆ ಮಾತ್ರ ಇದ್ದ. ಉಪ್ಪಳದಲ್ಲಿ ಇಳಿದು, ರಾಯರು ಗೊತ್ತುಮಾಡಿದ ಬಸ್ಸಿನಲ್ಲಿ ಬಂದ್ಯೋಡಿನ ಮೇಲಾಗಿ ಒಳಗಿನ ಮಣ್ಣು ದಾರಿ ಹಿಡಿದೆವು. ಕೆಂಪು ಧೂಳು ಎದ್ದು ಬಿಸಿಲಿನಲ್ಲಿ ನಿಂತೇ ಇತ್ತು, ಕೆಳಗೆ ಕೂರುವ ಮನಸ್ಸಿಲ್ಲದವರ ಹಾಗೆ. ಮುತ್ತಕ್ಕ ಕಿಟಕಿಯ ಪಕ್ಕ ಕೂತು ಒಂದೊಂದು ತಿರುವನ್ನೂ ನೋಡುತ್ತಿದ್ದರು. ಒಂದು ಕಡೆ ಕವಲುದಾರಿಯೊಂದು ಎಡಕ್ಕೆ ಇಳಿದುಹೋಯಿತು. ಅದು ಮರೆಯಾಗುವವರೆಗೂ ಅವರ ಕುತ್ತಿಗೆ ಅದರ ಜೊತೆಗೇ ತಿರುಗಿತು.

ಗುಡ್ಡದ ಬುಡದಲ್ಲಿ ನಾನು ಮುಂದಾದೆ. ಎರಡು ಕಾಲುದಾರಿಗಳಿದ್ದವು. ಗೈಡ್ ಆದವನು ಯೋಚಿಸಬಾರದು ಎಂದು ಒಂದನ್ನು ಹಿಡಿದೆ. ಸ್ವಲ್ಪ ದೂರದಲ್ಲಿ ಅದು ಒಂದು ಗೇರುಮರದ ಬುಡಕ್ಕೆ ಹೋಗಿ ಮುಗಿಯಿತು. ಅಲ್ಲಿಂದ ಮುಂದೆ ಮುಳ್ಳು, ಮುರಕಲ್ಲು, ನಡುವೆ ನಾವು. ಈ ದಾರಿಯಲ್ಲಿ ದೃಶ್ಯ ಚಂದ ಎಂದೆ. ರಾಯರು ಪುಸ್ತಕದಲ್ಲಿ ಬರೆದುಕೊಂಡರು. ಮುಳಿಹುಲ್ಲು ಕೊಯ್ಯುತ್ತಿದ್ದ ಒಬ್ಬ ಹೆಂಗಸು ಕತ್ತಿ ನಿಲ್ಲಿಸಿ, ಕೋಟು ಹಾಕಿದವರು, ಕೊಡೆ ಹಿಡಿದವರು, ಸೀರೆ ಎತ್ತಿ ಕಟ್ಟಿದವರು ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದಳು. ಕೊನೆಗೆ ನನ್ನನ್ನು ಕರೆದು, ಕಳೆದುಹೋದ ದನದ ಬಣ್ಣ ಯಾವುದು ಎಂದು ಕೇಳಿದಳು. ಇಪ್ಪತ್ತೆರಡು ಜನ ಒಟ್ಟಿಗೆ ಗುಡ್ಡ ಹತ್ತಲು ಅವಳಿಗೆ ಬೇರೆ ಕಾರಣ ಹೊಳೆಯಲಿಲ್ಲ. ಕಪಿಲೆ ಎಂದು ಹೇಳಿ ಮುಂದೆ ನಡೆದೆ. ಅವಳು ಪಾಪ, ಸಿಕ್ಕಿದರೆ ಕಟ್ಟಿಹಾಕುತ್ತೇನೆ ಎಂದಳು.

ತುದಿ ಮುಟ್ಟಿದೆವು. ನನ್ನ ಇಡೀ ಬಾಲ್ಯದ ಮೇಲೆ ಕೂತಿದ್ದ ಗುಡ್ಡದ ತಲೆ ಹೀಗಿದೆ ಎಂದು ನನಗೆ ಗೊತ್ತಿರಲಿಲ್ಲ. ಒಣಗಿದ ಹುಲ್ಲು ಮೊಣಕಾಲೆತ್ತರ, ಗಾಳಿ ಬಂದಾಗಲೆಲ್ಲ ಒಂದು ಬದಿಗೆ ಮಲಗಿ ಮತ್ತೆ ಏಳುತ್ತಿತ್ತು. ಪಶ್ಚಿಮದಲ್ಲಿ ಸಮುದ್ರ ಆಕಾಶಕ್ಕೆ ಹಚ್ಚಿದ ಒಂದು ತೆಳ್ಳನೆಯ ಗೆರೆ. ಕೆಳಗೆ ಗದ್ದೆಗಳ ಮೇಲೆ ಮೋಡದ ನೆರಳು ಯಾರಿಗೂ ಹೇಳದೆ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುತ್ತಿತ್ತು. ಎಲ್ಲೋ ಒಂದು ನಾಯಿ ಬೊಗಳಿದ್ದು ತುಂಬ ಹೊತ್ತಿನ ಮೇಲೆ ಬಂದು ಮುಟ್ಟಿತು. ನಾನು ಇಲ್ಲಿಗೆ ಬಾರದೆ ಇಷ್ಟು ವರ್ಷ ಕೆಳಗೆ ಏನು ಮಾಡುತ್ತಿದ್ದೆ ಎಂದುಕೊಳ್ಳುತ್ತಿರುವಾಗ ರಾಯರು ಬಂದು ಹೆಗಲು ತಟ್ಟಿ, ಕುದುರೆಮುಖ ಎಲ್ಲಿ ಎಂದರು.

ನಾನು ಬೆರಳು ಚಾಚಿದೆ. ಅಲ್ಲಿ ನೀಲಿಯಾಗಿ ಏನೋ ಒಂದು ಇತ್ತು. ಆ ದಿನ ನಾನು ಕಲಿತದ್ದು ಏನೆಂದರೆ, ಗೈಡ್ ತೋರಿಸಬೇಕಾಗಿಲ್ಲ, ಬೆರಳು ಚಾಚಿದರೆ ಸಾಕು, ನೋಡುವುದನ್ನು ನೋಡುವವರೇ ಮಾಡಿಕೊಳ್ಳುತ್ತಾರೆ. ರಾಯರಿಗೆ ಕುದುರೆಯ ಮುಖ ಮಾತ್ರವಲ್ಲ, ಕಿವಿಗಳೂ ಕಂಡವು. ಅವರ ಭಾವನಿಗೆ ಮೂಗಿನ ಹೊಳ್ಳೆ ಕಂಡಿತು. ರಾಯರು ಪುಸ್ತಕದಲ್ಲಿ ಅದರ ಚಿತ್ರ ಬಿಡಿಸುತ್ತಿರುವಾಗಲೇ ಕುದುರೆಮುಖ ಮೆಲ್ಲನೆ ಹೊರಟು ದಕ್ಷಿಣದ ಕಡೆ ಸಾಗತೊಡಗಿತು. ಮಂಜು ಬಂತು, ಇನ್ನು ಕಾಣಲಿಕ್ಕಿಲ್ಲ ಎಂದು ಹೇಳಿ ಅವರನ್ನು ಊಟಕ್ಕೆ ಎಬ್ಬಿಸಿದೆ. ಮಂಗಳೂರಿನ ದೀಪಸ್ತಂಭ, ಜಮಾಲಾಬಾದಿನ ಕೋಟೆ, ಶಿರಿಯದ ಹೊಳೆ ಎಲ್ಲವನ್ನೂ ಹೀಗೆಯೇ ಕೇಳಿದವರಿಗೆ ಕೇಳಿದ ಹಾಗೆ ಹಂಚಿದೆ. ಅವುಗಳಲ್ಲಿ ಒಂದೆರಡು ನಿಜವೂ ಆಗಿರಬಹುದು.

ಎಲ್ಲರೂ ಬುತ್ತಿ ಬಿಚ್ಚುವಾಗ ಮುತ್ತಕ್ಕ ಬಂದು ನನ್ನ ಹಿಂದೆ ನಿಂತರು. ಅಲ್ಲಿಯವರೆಗೆ ಅವರು ಸಮುದ್ರವನ್ನೂ ನೋಡಿರಲಿಲ್ಲ. ಇಬ್ಬರೂ ಇನ್ನೊಂದು ಬದಿಗೆ ಹೋದೆವು. ಕೆಳಗೆ ಬಾಯಾರಿನ ಕಡೆ ಗದ್ದೆ, ನೀರು ಹರಿಯುವ ತೋಡು, ಹಸುರಿನ ನಡುವೆ ಹತ್ತಿಪ್ಪತ್ತು ಕೆಂಪು ಹಂಚಿನ ಮಾಡುಗಳು. ಅವರು ಬಿಟ್ಟು ಬರುವಾಗ ಮನೆಗೆ ಹುಲ್ಲಿನ ಮಾಡು ಇತ್ತಂತೆ, ಈಗ ಹಂಚು ಹಾಕಿಸಿದ್ದಾರೆಂದು ಯಾರೋ ಹೇಳಿದ್ದರಂತೆ. ದೂರದ್ದು ಅವರ ಕಣ್ಣಿಗೆ ಅಷ್ಟು ಸ್ಪಷ್ಟವೂ ಇರಲಿಲ್ಲ. ಎಲ್ಲಿ ಮಗಾ ಎಂದರು. ನಾನು ಗದ್ದೆಯ ಅಂಚಿನಲ್ಲಿದ್ದ ಒಂದು ದೊಡ್ಡ ಮಾಡನ್ನು ಆರಿಸಿದೆ. ಯಾಕೆ ಅದನ್ನೇ ಎಂದರೆ, ಅದಕ್ಕೆ ಆಗ ಬಿಸಿಲು ಬಿದ್ದಿತ್ತು.

ಮುತ್ತಕ್ಕ ಕಣ್ಣ ಮೇಲೆ ಕೈ ಅಡ್ಡ ಹಿಡಿದು ನೋಡಿದರು. ಎಷ್ಟು ಹೊತ್ತು ಎಂದು ಹೇಳಲಾರೆ. ಗಾಳಿ ಅವರ ಸೆರಗನ್ನು ಎಳೆಯುತ್ತಿತ್ತು, ಅವರು ಅದನ್ನು ಹಿಡಿದುಕೊಳ್ಳಲೂ ಇಲ್ಲ. ಅವರ ತುಟಿ ಏನೋ ಹೇಳುತ್ತಿತ್ತು, ಬಾವಿ, ತುಳಸಿಕಟ್ಟೆ, ದನದ ಹಟ್ಟಿ ಎಂದು ಒಂದೊಂದನ್ನೇ ಹುಡುಕಿ ಇಡುತ್ತಿದ್ದ ಹಾಗೆ. ಬೇರೆ ಯಾರದೋ ಅಂಗಳದಲ್ಲಿ ಅವರು ಹನ್ನೆರಡು ವರ್ಷದ ನಂತರ ಓಡಾಡುತ್ತಿದ್ದರು. ಪಕ್ಕದಲ್ಲಿ ನಿಂತ ನನಗೂ ಒಂದು ಗಳಿಗೆ ಅದು ಅವರದೇ ಮನೆ ಎನಿಸಿತು. ಆಮೇಲೆ ಅವರ ಕೈ ಕೆಳಗಿಳಿಯಿತು.

"ಬೈಹುಲ್ಲಿನ ಬಣವೆ ಇಲ್ಲ," ಎಂದರು.

ನಾನು ನೋಡಿದೆ. ಸುತ್ತಲಿನ ಎಲ್ಲ ಮನೆಗಳ ಬದಿಯಲ್ಲೂ ಹಳದಿ ಗುಮ್ಮಟಗಳು ಕಾಣುತ್ತಿದ್ದವು. ನಾನು ಆರಿಸಿದ ಮನೆಗೆ ಮಾತ್ರ ಇರಲಿಲ್ಲ. ಕೊಯ್ಲು ಮುಗಿದು ತಿಂಗಳಾದರೂ ಅಂಗಳದಲ್ಲಿ ಹುಲ್ಲಿಲ್ಲ ಎಂದರೆ ಬೇಸಾಯದ ಮನೆಯ ಮಗಳಿಗೆ ಬೇರೆ ಅರ್ಥವೇ ಇಲ್ಲ. ಗದ್ದೆ ಕೈಬಿಟ್ಟಿರಬೇಕು, ಇಲ್ಲವೇ ಹಟ್ಟಿ ಬರಿದಾಗಿರಬೇಕು.

"ಅಣ್ಣ ಸೋತುಹೋದ ಮಗಾ. ಯಾರಿಗೂ ಹೇಳಿಲ್ಲ ನೋಡು. ಅವನು ಹೇಳುವವನಲ್ಲ."

ಅವರು ಆ ದಿನ ಊಟ ಮಾಡಲಿಲ್ಲ. ಉಳಿದವರು ಉಂಡು ಹುಲ್ಲಿನಲ್ಲಿ ಮಲಗಿದರು, ಟೋಪಿಯನ್ನು ಮುಖದ ಮೇಲೆ ಇಟ್ಟುಕೊಂಡು ರಾಯರೂ ಮಲಗಿದರು. ನಾನೂ ಮಲಗಿ ಕಣ್ಣು ಮುಚ್ಚಿದೆ. ಬಣವೆ ಇಲ್ಲದ ಅಂಗಳ ಕಣ್ಣೊಳಗೆ ತೇಲುತ್ತಿತ್ತು. ಎದ್ದು ಹೇಳಿಬಿಡೋಣ ಎನಿಸಿತು. ಹೇಳಿದರೆ ಅದು ಒಬ್ಬರಿಗೆ ಹೇಳಿದ ಹಾಗಾಗುವುದಿಲ್ಲ, ಕುದುರೆಮುಖದ ಕಿವಿಗಳೂ ಉದುರುತ್ತವೆ, ಸೋಮವಾರ ಆಫೀಸಿನಲ್ಲಿ ತಲೆ ಎತ್ತಿ ನಡೆಯುವ ಹಾಗಿಲ್ಲ. ಉಳಿದ ಇಪ್ಪತ್ತು ಜನರ ಸಂತೋಷಕ್ಕಾಗಿ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡು, ಆ ಗಾಳಿಗೆ ಸ್ವಲ್ಪ ನಿದ್ದೆಯನ್ನೂ ಮಾಡಿದೆ.

ಮುಂದಿನ ಒಂದು ವಾರ ಮುತ್ತಕ್ಕನ ಸಾರಿಗೆ ಉಪ್ಪಿರಲಿಲ್ಲ. ಯಾರೂ ದೂರು ಹೇಳಲಿಲ್ಲ. ಎಂಟನೆಯ ದಿನ ಅವರು ನನ್ನನ್ನು ಕರೆದು, ಆದಿತ್ಯವಾರ ಜೊತೆಗೆ ಬರಬೇಕು, ಅಣ್ಣನ ಮನೆಗೆ ಒಂದು ಮುಡಿ ಅಕ್ಕಿ ಮುಟ್ಟಿಸಬೇಕು ಎಂದರು. ಅಂಗಳ ತುಳಿಯುವುದಿಲ್ಲ ಎಂದು ಹೇಳಿದ್ದಲ್ಲವೇ ಎಂದು ನಾನು ತೊದಲಿದೆ, ಅದೇ ನನಗೆ ಉಳಿದಿದ್ದ ಕೊನೆಯ ಆಸರೆ. ಅವನು ಗಟ್ಟಿ ಇರುವಾಗ ಹೇಳಿದ್ದು ಅದು ಎಂದರು. ದೈವಕ್ಕೆ ತಪ್ಪುಕಾಣಿಕೆ ಕಟ್ಟಿ ಒಳಗೆ ಹೋಗುತ್ತೇನೆ, ಬೇಡ ಎಂದರೆ ದೈವ ನನ್ನನ್ನು ನೋಡಿಕೊಳ್ಳಲಿ, ಅಣ್ಣ ಉಪವಾಸ ಇರುವುದು ಬೇಡ.

ಮುಡಿ ಎಂದರೆ ಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಯ ಗಂಟು, ಒಬ್ಬ ಆಳು ಹೊರುವಷ್ಟು. ಬಸ್ಸಿಳಿದ ಮೇಲೆ ಸುತ್ತಮುತ್ತ ಯಾವ ಆಳೂ ಇರಲಿಲ್ಲ, ನಾನೇ ಇದ್ದೆ. ತಲೆಯ ಮೇಲೆ ಅದನ್ನು ಹೊತ್ತು ಗದ್ದೆಯ ಹುಣಿಯಲ್ಲಿ, ಆ ಸಪೂರ ಬದುವಿನ ಮೇಲೆ ನಡೆಯುವಾಗ, ಇದು ನನಗೆ ತಕ್ಕ ಶಿಕ್ಷೆ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ದಾರಿಯಲ್ಲಿ ಮೂರು ಸಲ ಅಕ್ಕ ಎಂದು ಕರೆದೆ. ಮೂರು ಸಲವೂ ಅವರು, ಭಾರ ಆಯಿತಾ ಮಗಾ, ಸ್ವಲ್ಪ ಇಳಿಸು ಎಂದರು. ಆಮೇಲೆ ಅಣ್ಣನ ಕಥೆ ಹೇಳಿದರು. ಚಿಕ್ಕವರಿದ್ದಾಗ ಜ್ವರ ಬಂದಾಗ ಇದೇ ಹುಣಿಯಲ್ಲಿ ಅವರನ್ನು ಹೆಗಲ ಮೇಲೆ ಕೂರಿಸಿಕೊಂಡು ಪಂಡಿತರ ಮನೆಗೆ ಓಡಿದ ಅಣ್ಣ. ಇಂಥ ಮಾತಿನ ನಡುವೆ ನನ್ನ ಸುಳ್ಳನ್ನು ಎಲ್ಲಿ ಇಳಿಸುವುದು? ಅಲ್ಲಿ ಹೋದಾಗ ಆ ದೊಡ್ಡ ಮನುಷ್ಯ ನಕ್ಕುಬಿಟ್ಟರೆ, ದರ್ಪದ ಮಾತೊಂದು ಆಡಿದರೆ, ಈ ಹೆಂಗಸು ಅದೇ ಅಂಗಳದಿಂದ ಎರಡನೆಯ ಸಲ ತಿರುಗಿ ಹೋಗಬೇಕು. ಆ ಸಲ ಕಾರಣ ನಾನು.

ಮನೆ ಬಂತು. ನಾನು ಗುಡ್ಡದಿಂದ ತೋರಿಸಿದ ಮನೆಗೂ ಇದಕ್ಕೂ ಸಂಬಂಧವೇ ಇಲ್ಲ, ಇದು ತೋಡಿನ ಆಚೆ ಬದಿಗಿತ್ತು. ಮುತ್ತಕ್ಕ ತಲೆ ಬಗ್ಗಿಸಿಕೊಂಡೇ ನಡೆದರು. ಅಂಗಳದ ಅಂಚಿನಲ್ಲಿ ನಿಂತು, ಸೆರಗಿನ ತುದಿಯಲ್ಲಿ ಕಟ್ಟಿದ್ದ ಕಾಣಿಕೆಯನ್ನು ಕಣ್ಣಿಗೊತ್ತಿಕೊಂಡು, ನೆಲ ಮುಟ್ಟಿ ನಮಸ್ಕರಿಸಿ ಒಂದು ಹೆಜ್ಜೆ ಒಳಗಿಟ್ಟರು. ಎರಡನೆಯ ಹೆಜ್ಜೆಯನ್ನೂ ಇಟ್ಟರು. ಆಮೇಲೆ ತಲೆ ಎತ್ತಿದರು.

ಹಟ್ಟಿಯ ಪಕ್ಕದಲ್ಲಿ ನಾಲ್ಕು ಬಣವೆಗಳಿದ್ದವು, ಒಂದಕ್ಕಿಂತ ಒಂದು ಎತ್ತರ. ಮೂರು ಈ ವರ್ಷದವು. ನಾಲ್ಕನೆಯದು ಕಳೆದ ವರ್ಷದ್ದು, ಮಳೆಗೆ ಕಪ್ಪಾಗಿ, ಅದರ ಮೇಲೆ ಕುಂಬಳದ ಬಳ್ಳಿ ಹಬ್ಬಿ, ಬೂದಿ ಬಳಿದುಕೊಂಡ ಐದಾರು ಕಾಯಿಗಳು ಸುಖವಾಗಿ ಮಲಗಿದ್ದವು.

ತಿಮ್ಮಪ್ಪಣ್ಣ ಚಾವಡಿಯಿಂದ ಎದ್ದು ಬಂದರು. ದಪ್ಪ ಮೀಸೆಯ ಎತ್ತರದ ಮನುಷ್ಯ. ಸೋತ ಲಕ್ಷಣ ಹೊಟ್ಟೆಯಲ್ಲಾಗಲೀ ಮುಖದಲ್ಲಾಗಲೀ ಇರಲಿಲ್ಲ. ತಂಗಿಯನ್ನು ನೋಡಿ ಅವರ ಕಾಲು ಮೆಟ್ಟಿಲ ಮೇಲೆಯೇ ನಿಂತಿತು. ಆಮೇಲೆ ನನ್ನ ತಲೆಯ ಮೇಲಿನ ಮುಡಿಯನ್ನು ನೋಡಿದರು.

"ಎಂತ ಅದು?"

"ಅಕ್ಕಿ," ಎಂದರು ಮುತ್ತಕ್ಕ.

"ಯಾರಿಗೆ?"

ಮುತ್ತಕ್ಕ ನನ್ನ ಕಡೆ ತಿರುಗಿದರು. ಕೋಪದ ನೋಟವಾಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ದಾರಿ ತಪ್ಪಿದವರು ದಾರಿ ತೋರಿಸಿದವನನ್ನು ನೋಡುವ ನೋಟ ಅದು.

"ಅಣ್ಣೇರೆ," ಎಂದೆ, "ಮೊನ್ನೆ ನಾವು ಗುಂಪೆಗೆ ಹೋಗಿದ್ದೆವು. ಮೇಲಿನಿಂದ ನೋಡುವಾಗ ಇಲ್ಲಿ ಬಣವೆ ಇರಲಿಲ್ಲ. ಅಕ್ಕನಿಗೆ ಬೇಜಾರಾಯಿತು."

ತಿಮ್ಮಪ್ಪಣ್ಣ ಮೊದಲು ಗುಂಪೆಯ ಕಡೆ ನೋಡಿದರು, ಅದು ಮರಗಳ ಮೇಲಿಂದ ನೀಲಿಯಾಗಿ, ತನಗೇನೂ ಗೊತ್ತಿಲ್ಲದ ಹಾಗೆ ಕೂತಿತ್ತು. ಆಮೇಲೆ ತಂಗಿಯ ಧೂಳು ಹಿಡಿದ ಕಾಲುಗಳನ್ನು ನೋಡಿದರು. ಆ ಕಾಲುಗಳು ಅಂಗಳದ ಒಳಗಿದ್ದವು. ಊರಿನಲ್ಲಿ ಅವರಷ್ಟು ಅಭಿಮಾನದ ಬೇಸಾಯಗಾರ ಇನ್ನೊಬ್ಬನಿಲ್ಲ ಎಂದು ಆಮೇಲೆ ಕೇಳಿ ತಿಳಿದೆ.

"ಹೌದು, ಇರಲಿಲ್ಲ," ಎಂದರು. "ಕಳೆದ ವಾರ ಹಾಕಿಸಿದ್ದು."

ಮೂವರೂ ಒಟ್ಟಿಗೆ ನಾಲ್ಕನೆಯ ಬಣವೆಯ ಕುಂಬಳಕಾಯಿಗಳನ್ನು ನೋಡಿದೆವು.

"ಅಕ್ಕಿ ಒಳಗೆ ಇಡು ಮಾರಾಯ, ಕುತ್ತಿಗೆ ಮುರಿದೀತು," ಎಂದರು ನನಗೆ. ಆಮೇಲೆ ತಂಗಿಯ ಕಡೆ ನೋಡದೆ, ಕಂಬಕ್ಕೆ ಹೇಳುವ ಹಾಗೆ ಹೇಳಿದರು, "ಬೇಕಿತ್ತು."

ಒಳಗೆ ಚಾವಡಿಯ ಮೂಲೆಯಲ್ಲಿ ಅಕ್ಕಿಮುಡಿಗಳನ್ನು ಅಟ್ಟ ಮುಟ್ಟುವಷ್ಟು ಪೇರಿಸಿದ್ದರು. ಅವುಗಳ ಪಕ್ಕದಲ್ಲಿ ಮುತ್ತಕ್ಕನ ಮುಡಿಯನ್ನು ಇಟ್ಟೆ. ಅವರು ಅದನ್ನೂ ನೋಡಿದರು. ಸೀದಾ ದೈವದ ಕೋಣೆಯ ಮುಂದೆ ಹೋಗಿ ಕಾಣಿಕೆ ಇಟ್ಟು ತುಂಬ ಹೊತ್ತು ನಿಂತರು. ಏನು ಹೇಳಿಕೊಂಡರೋ, ಅದರಲ್ಲಿ ನನ್ನ ಹೆಸರಿತ್ತೋ ಇಲ್ಲವೋ ನನಗೆ ತಿಳಿಯದು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಯಾರ ಅಪ್ಪಣೆಯನ್ನೂ ಕೇಳದೆ ಅಡುಗೆಮನೆಗೆ ಹೋದರು. ಅತ್ತಿಗೆ ಅತ್ತದ್ದು ಕೇಳಿಸಿತು, ಪಾತ್ರೆಗಳ ಸದ್ದು ಕೇಳಿಸಿತು. ತಿಮ್ಮಪ್ಪಣ್ಣ ಚಾವಡಿಯಲ್ಲಿ ಕೂತು ಒಂದೇ ವೀಳ್ಯದೆಲೆಗೆ ಸುಮಾರು ಹೊತ್ತು ಸುಣ್ಣ ಹಚ್ಚಿದರು.

ಊಟಕ್ಕೆ ಬಡಿಸಿದವರು ಮುತ್ತಕ್ಕ. ಮಂಗಳೂರಿನಲ್ಲಿ ಬಡಿಸುವ ಹಾಗೆಯೇ ಎಲೆಯನ್ನು ನೋಡುತ್ತ ಬಂದರು. ಅಣ್ಣನಿಗೆ ಬಡಿಸಿ, ನನ್ನ ಮುಂದೆ ಬಗ್ಗಿ, ಸೌಟಿನಲ್ಲಿ ಪದಾರ್ಥ ಎತ್ತಿ, ನನಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ ಹೇಳಿದರು:

"ತಿಂದು ನೋಡು ಮಗಾ. ಕಳೆದ ವಾರದ ಹುಲ್ಲಿನಲ್ಲಿ ಬೆಳೆದ ಕುಂಬಳಕಾಯಿ."

ತಲೆ ಎತ್ತಿದೆ. ಅವರು ಆವತ್ತು ಮೊದಲ ಬಾರಿಗೆ ಎಲೆಯನ್ನು ಬಿಟ್ಟು ನನ್ನ ಮುಖವನ್ನು ನೋಡುತ್ತಿದ್ದರು. ಸೌಟು ಗಾಳಿಯಲ್ಲಿ ನಿಂತಿತ್ತು. ನಾನು ಹೇಳಲಿ ಎಂದೇ ಅವರು ಅದನ್ನು ಅಲ್ಲಿ ನಿಲ್ಲಿಸಿದ್ದರೆಂದು ಈಗ ನನಗೆ ಗೊತ್ತು. ಅಕ್ಕ, ನಾನು ಆ ದಿನದ ಮೊದಲು ಆ ಗುಡ್ಡವನ್ನು ಹತ್ತಿದವನೇ ಅಲ್ಲ, ನಿಮ್ಮ ಮನೆ ಯಾವುದೆಂದು ನನಗೆ ತಿಳಿದಿರಲಿಲ್ಲ, ತಪ್ಪಾಯಿತು. ಇಷ್ಟೇ ಮಾತು. ಅದಾದ ಮೇಲೂ ಆರು ವರ್ಷ ಅವರ ಕೈಯ ಅನ್ನ ಉಂಡೆ, ಅವರು ತೀರಿಕೊಂಡಾಗ ಹೋಗಿ ಹೆಗಲೂ ಕೊಟ್ಟೆ. ಆದರೆ ಆ ಮಾತು ಹೇಳಲು ಅವರು ತಾವಾಗಿ ಹಾಗೆ ಜಾಗ ಮಾಡಿಕೊಟ್ಟದ್ದು ಆ ಒಂದು ಗಳಿಗೆ ಮಾತ್ರ. ಪಶ್ಚಾತ್ತಾಪ ಆದವರಿಗೆ ಗಂಟಲು ಕಟ್ಟುತ್ತದೆ, ಅನ್ನ ಇಳಿಯುವುದಿಲ್ಲ ಎನ್ನುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಪದಾರ್ಥ ಬಹಳ ಚೆನ್ನಾಗಿತ್ತು.

"ಇನ್ನೊಂದು ಸೌಟು ಹಾಕಿ ಅಕ್ಕ," ಎಂದೆ.